ಮಚ್ಚು ಮಾಡಿಸುವಾಗ ಹಿಡಿಯ ಒಳಗೇನಿದೆ ನೋಡಿ

ಮಚ್ಚು ಅಂದರೆ ಈಗಿನವರಿಗೆ ಸಿನಿಮಾದ ಹೊಡೆದಾಟ, ಪೇಪರಿನ ಕೊಲೆ ಸುದ್ದಿ. ನಮ್ಮಂಥ ಖುಷ್ಕಿ ಬೇಸಾಯದವರಿಗೆ ಅದು ದಿನಾ ಕೈಯಲ್ಲಿರುವ ಸಾಮಾನು. ಬೇಲಿ ಮುಳ್ಳು ಸವರಲು, ಹೊಂಗೆ ಸೊಪ್ಪು ಇಳಿಸಲು, ಗೂಟ ಕೆತ್ತಲು, ಸೌದೆ ಸೀಳಲು ಎಲ್ಲಕ್ಕೂ ಅದೊಂದೇ. ಕುರಿ ಮೇಯಿಸುವವರನ್ನು ಕೇಳಿ ನೋಡಿ. ಮಂದೆ ಹೊಡೆದುಕೊಂಡು ಮೇವು ನೀರಿರುವ ಕಡೆಗೆ ಹೊರಟರೆ ತಿಂಗಳುಗಟ್ಟಲೆ ಬಯಲೇ ಮನೆ. ರೊಪ್ಪಕ್ಕೆ ಮುಳ್ಳು ಕಡಿಯುವುದು, ಮಳೆಗೆ ಗುಡ್ಲು ಕಟ್ಟುವುದು, ಮರಿಗಳಿಗೆ ಜಾಲಿ ಕೊಂಬೆ ಸವರುವುದು, ಒಲೆಗೆ ಪುರಲೆ ಮಾಡುವುದು, ಹೆಗಲ ಮೇಲಿನ ಒಂದು ಕತ್ತಿಯಿಂದಲೇ. ಅದು ಕೈಕೊಟ್ಟರೆ ಅಲ್ಲಿ ಅಂಗಡಿ ಇಲ್ಲ, ಆಸ್ಪತ್ರೆಯೂ ಇಲ್ಲ.

ಈಗ ಸಂತೆಯಲ್ಲಿ ಕಡಿಮೆ ಬೆಲೆಗೆ ಹೊಳೆಯುವ ಮಚ್ಚು ಸಿಗುತ್ತವೆ. ಬಣ್ಣ ಬಳಿದ ಹಿಡಿ, ಮೇಲೆ ವಾರ್ನಿಷು. ನಮ್ಮೂರಿನ ಒಬ್ಬರು ಅಂಥದೊಂದು ತಂದು ಬಳ್ಳಾರಿ ಜಾಲಿ ಕಡಿಯುತ್ತಿದ್ದರು. ನಾಲ್ಕನೇ ದಿನಕ್ಕೆ ಅಲಗು ಹಿಡಿಯಿಂದ ಕಳಚಿ ಹಾರಿ ಮೊಣಕಾಲ ಕೆಳಗೆ ಬಿತ್ತು. ಹೊಲಿಗೆ ಹಾಕಿಸಿಕೊಂಡು ಬಿತ್ತನೆಯ ಹದವನ್ನೆಲ್ಲ ಮಂಚದ ಮೇಲೆ ಕಳೆದರು. ಬಿದ್ದ ಮಚ್ಚನ್ನು ನಾವು ನೋಡಿದಾಗ ಹಿಡಿಯೊಳಗೆ ಹೋಗಿದ್ದ ಕಬ್ಬಿಣದ ಬಾಲ ಎರಡು ಅಂಗುಲವೂ ಇರಲಿಲ್ಲ. ಉದ್ದ ಐದು ಅಂಗುಲದ ಹಿಡಿಗೆ ಅಷ್ಟೇ ಆಧಾರ! ಅಲಗಿನ ಹೊಳಪು ಕಣ್ಣಿಗೆ ಕಾಣುತ್ತದೆ, ಬಾಲ ಕಾಣುವುದಿಲ್ಲ. ಮೋಸ ಇರುವುದು ಅಲ್ಲೇ.

ಬಾಲದಲ್ಲಿ ಎರಡು ಥರ. ಒಂದು, ಮೊಳೆಯ ಹಾಗೆ ಸಣ್ಣಗೆ ಎಳೆದು, ಕೆಂಪಗೆ ಕಾಯಿಸಿ ಮರದೊಳಗೆ ಸುಟ್ಟುಕೊಂಡು ಹೋಗುವಂತೆ ಹೊಡೆಯುವುದು. ಕುಡುಗೋಲಿಗೆ ಅದು ಸಾಕು, ಏಕೆಂದರೆ ಕುಡುಗೋಲನ್ನು ಎಳೆಯುತ್ತೇವೆ, ಬೀಸಿ ಹೊಡೆಯುವುದಿಲ್ಲ. ಮಚ್ಚಿಗೆ ಈ ಥರ ಬೇಕೆಂದರೆ ಬಾಲ ಹಿಡಿಯ ತುದಿ ದಾಟಿ ಆಚೆ ಬರಬೇಕು, ಅಲ್ಲಿ ವಾಷರ್ ಇಟ್ಟು ಬಡಿದು ಮಡಿಸಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಲೇಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ಇನ್ನೊಂದು, ಅಲಗಿನಷ್ಟೇ ದಪ್ಪದ ಪಟ್ಟಿ ಹಿಡಿಯ ಉದ್ದಕ್ಕೂ ಬಂದು, ಎರಡು ಕಡೆ ಮರದ ಹೋಳು ಇಟ್ಟು ಮೂರು ರಿವಿಟ್ ಹೊಡೆಯುವುದು. ತೂಕ ಸ್ವಲ್ಪ ಜಾಸ್ತಿ, ಆಚಾರಿಗೆ ಕೆಲಸವೂ ಜಾಸ್ತಿ. ಆದರೂ ನನ್ನ ಓಟು ಇದಕ್ಕೇ. ಮರ ಒಡೆದರೂ ಅಲಗು ಕೈಬಿಟ್ಟು ಹೋಗುವುದಿಲ್ಲ, ಗೋಣಿ ದಾರ ಸುತ್ತಿಕೊಂಡು ಆ ದಿನದ ಕೆಲಸ ಮುಗಿಸಬಹುದು.

ಹಿಡಿಗೆ ಯಾವ ಮರ?

ಗಾಡಿ ಚಕ್ರಕ್ಕೆ ಹಾಕುತ್ತಿದ್ದ ಕರಿಜಾಲಿಯ ಚೇಗು ಒಳ್ಳೆಯದು. ಹುಣಸೆಯೂ ಆದೀತು. ಆದರೆ ನಾವು ಬೈಯುವ ಬಳ್ಳಾರಿ ಜಾಲಿ ಈ ಕೆಲಸಕ್ಕೆ ಬಲು ಚೆನ್ನ. ಗಟ್ಟಿ ಮರ, ಒಣಗುವಾಗ ಕುಗ್ಗುವುದೂ ಬಹಳ ಕಡಿಮೆ. ನೆಲ ಕೆಡಿಸಿದ ಗಿಡದಿಂದ ಅಷ್ಟಾದರೂ ವಸೂಲಾಗಲಿ. ಯಾವ ಮರವಾದರೂ ನೆರಳಿನಲ್ಲಿ ಒಂದು ವರ್ಷ ಒಣಗಿರಬೇಕು. ಹಸಿ ಮರಕ್ಕೆ ಹಾಕಿದ ಹಿಡಿ ಮೊದಲ ಬೇಸಿಗೆಗೇ ಸಡಿಲ.

ಸಡಿಲವಾದ ಹಿಡಿಯನ್ನು ರಾತ್ರಿ ನೀರಿನಲ್ಲಿ ಇಡುವ ಅಭ್ಯಾಸ ಎಲ್ಲ ಕಡೆ ಇದೆ. ಬೆಳಿಗ್ಗೆ ಬಿಗಿಯಾಗಿರುತ್ತದೆ, ನಿಜ. ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿಕೊಂಡು ಒಳಗೇ ನಜ್ಜಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಅದರ ಬದಲು ವರ್ಷಕ್ಕೆರಡು ಸಲ ಅಗಸೆ ಎಣ್ಣೆ ತೆಳ್ಳಗೆ ತಿಕ್ಕಿ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಹೊಂಗೆ ಎಣ್ಣೆ, ಹರಳೆಣ್ಣೆ ಹಾಗೆ ಒಣಗುವುದಿಲ್ಲ, ಅಂಟಂಟಾಗಿಯೇ ಇರುತ್ತವೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಎಸೆಯಬೇಡಿ, ತನಗೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಿ.

ಹಿಡಿ ಗುಂಡಗೆ ಬೇಡ, ಮೊಟ್ಟೆಯ ಹಾಗೆ ಚಪ್ಪಟೆ ಗುಂಡಾಗಿರಲಿ. ಆಗ ಅಲಗು ಎತ್ತ ಮುಖ ಮಾಡಿದೆ ಅಂತ ಕತ್ತಲಲ್ಲೂ ಅಂಗೈಗೆ ಗೊತ್ತಾಗುತ್ತದೆ. ತುದಿಯಲ್ಲಿ ಕಿರುಬೆರಳಿಗೆ ಸಿಗುವಂಥ ಸಣ್ಣ ಕೊಕ್ಕೆ ಬಿಡಿಸಿ. ವಾರ್ನಿಷು ಬಳಿಯಬೇಡಿ, ಬೆವರಿಗೆ ಜಾರುತ್ತದೆ, ಬೊಬ್ಬೆ ಏಳುತ್ತದೆ.

ಕಬ್ಬಿಣ ಮತ್ತು ಹದ

ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಬಿಟ್ಟು ಬೇರೆಯದು ಬೇಡ. ಅದರಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಮೇಲೆ ಇಂಗಾಲ ಇರುತ್ತದೆ, ಅದೇ ಅಲಗಿಗೆ ಬಿರುಸು ಕೊಡುವುದು. ಕಟ್ಟಡದ ಕಬ್ಬಿಣದಲ್ಲಿ ಅದರ ಅರ್ಧದಷ್ಟೂ ಇರುವುದಿಲ್ಲ, ಎಷ್ಟು ಕಾಯಿಸಿ ಅದ್ದಿದರೂ ಮೆತ್ತಗೇ. ಅನುಮಾನ ಬಂದರೆ ಸಾಣೆ ಚಕ್ರಕ್ಕೆ ಹಿಡಿಯಿರಿ. ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಯ ಹಾಗೆ ಹೋಗುತ್ತದೆ. ಉಕ್ಕಿನದು ಸುರುಸುರುಬತ್ತಿಯಂತೆ ಕವಲೊಡೆದು ಸಿಡಿಯುತ್ತದೆ. ಪಟ್ಟಿಯ ನಡುವೆ ಬೋಲ್ಟಿನ ತೂತು ಇರುವ ಜಾಗ ಬಿಟ್ಟು ಕತ್ತರಿಸಲಿ, ಕಣ್ಣಿಗೆ ಕಾಣದ ಬಿರುಕು ಅಲ್ಲಿ ಇರಬಹುದು.

ಉಕ್ಕಿನ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. 1800ರ ಸುಮಾರಿನಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಮಧುಗಿರಿ ಕಡೆ ಉಕ್ಕು ಮಾಡುವುದನ್ನು ಬರೆದುಕೊಂಡಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮುಚ್ಚಿ ಕಾಯಿಸುತ್ತಿದ್ದರು. ಇಂಗಾಲ ಕೊಡುತ್ತಿದ್ದುದು ನಮ್ಮ ಬದುವಿನ ತಂಗಡಿ!

ಹದ ಹಾಕುವಾಗ ಎದುರಿಗೇ ನಿಂತುಕೊಳ್ಳಿ. ಅಲಗು ಕೆಂಪಗೆ ಕಾದು, ಅಯಸ್ಕಾಂತ ಅಂಟದ ಸ್ಥಿತಿಗೆ ಬರಬೇಕು. ಅದು ಸುಮಾರು 770 ಡಿಗ್ರಿ, ಅದರ ಮೇಲೆ ಇನ್ನೊಂದು ಚೂರು. ಬಹಳ ಆಚಾರಿಗಳು ಅಂಚನ್ನು ಮಾತ್ರ ನೀರಿಗೆ ಅದ್ದುತ್ತಾರೆ. ಸ್ಪ್ರಿಂಗ್ ಉಕ್ಕು ನೀರಿಗೆ ಬಿರುಕು ಬಿಡುವುದುಂಟು, ಎಣ್ಣೆ ಮೇಲು. ಆಳದ ಪಾತ್ರೆ ಇರಲಿ, ಬೆಂಕಿ ಎದ್ದರೆ ಮುಚ್ಚಲು ತಟ್ಟೆ ಪಕ್ಕದಲ್ಲಿರಲಿ. ಅದ್ದಿ ತೆಗೆದ ಅಲಗು ಗಾಜಿನಷ್ಟೇ ಬಿರುಸು, ಹಾಗೇ ಕೊಟ್ಟರೆ ಮೊದಲ ಗಂಟಿಗೇ ಮುಕ್ಕಾಗುತ್ತದೆ. ಅಂಚು ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ನಿಧಾನ ಶಾಖ ಕೊಟ್ಟರೆ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಹುಲ್ಲಿನ ಬಣ್ಣ ಸುಮಾರು 220 ಡಿಗ್ರಿ, ನೀಲಿ 300. ಮರ ಕಡಿಯುವ ಮಚ್ಚಿಗೆ ಕಂದು ಹೋಗಿ ನೇರಳೆ ತಲೆ ಹಾಕುವಾಗ ನಿಲ್ಲಿಸಬೇಕು. ಬಾಯಿ ನೀಲಿಗೆ ಹೋದರೆ ಗಂಟಿಗೆ ಮಡಚುತ್ತದೆ. ಬಿಸಿಲಲ್ಲಿ ಈ ಬಣ್ಣ ಕಾಣುವುದಿಲ್ಲ, ನೆರಳಲ್ಲೇ ಮಾಡಿಸಿ.

ಮನೆಯಲ್ಲಿ ಒಣ ಸಾಣೆ ಚಕ್ರಕ್ಕೆ ಒತ್ತಿ ಹಿಡಿದು ಅಂಚು ನೀಲಿ ಮಾಡಿದರೆ ಆಚಾರಿ ಪಟ್ಟ ಶ್ರಮವೆಲ್ಲ ಹೋಯಿತು. ಮಸೆಗಲ್ಲು, ನೀರು ಸಾಕು. ಎರಡು ಅಂಗುಲ ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ ಮುಕ್ಕಾಲು ಅಂಗುಲ ಎತ್ತಿ ಎರಡೂ ಕಡೆ ಸಮ ಮಸೆಯಿರಿ. ಅದಕ್ಕಿಂತ ಚಪ್ಪಟೆ ಮಸೆದರೆ ಸೊಪ್ಪಿಗೆ ಚೆನ್ನ, ಜಾಲಿಗೆ ತಾಳುವುದಿಲ್ಲ.

ನಮ್ಮ ಹುಡುಗರು ಫೋನಿನಲ್ಲಿ ತರಿಸುವ ಕಾಡಿನ ಚಾಕುವನ್ನೂ ನೋಡಿದ್ದೇನೆ. ಕರಿ ಬಣ್ಣ, ಬೆನ್ನಿಗೆ ಗರಗಸ, ಪೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ಮುಚ್ಚಳದಲ್ಲಿ ದಿಕ್ಸೂಚಿ. ಹಿಡಿ ಪೊಳ್ಳಾದರೆ ಬಾಲ ಎಲ್ಲಿಂದ ಬಂತು? ತುಕ್ಕು ಹಿಡಿಯುವುದಿಲ್ಲ ಅನ್ನುವುದೊಂದು ಗುಣ, ಹಣ್ಣು ಕೊಯ್ಯಲಿ.

ಕಷ್ಟ ಇರುವುದು ಕುಲುಮೆ ಉಳಿಸಿಕೊಳ್ಳುವುದರಲ್ಲಿ. ಕಣದಲ್ಲಿ ಆಯ ಕೊಡುವ ಕಾಲ ಹೋಯಿತು, ಟ್ರಾಕ್ಟರು ಬಂದ ಮೇಲೆ ಕುಳ ಹಣಿಸುವವರೂ ಇಲ್ಲ. ಒಂದು ಮಚ್ಚಿಗಾಗಿ ಇದ್ದಿಲು ಹೊತ್ತಿಸು ಅಂದರೆ ಆಚಾರಿಗೆ ಕೂಲಿಯೂ ಗಿಟ್ಟುವುದಿಲ್ಲ. ನಾವು ಐದಾರು ಮನೆಯವರು ಸೇರಿ ಯುಗಾದಿಗೆ ಮೊದಲು ಒಂದು ದಿನ ಗೊತ್ತು ಮಾಡುತ್ತೇವೆ. ಪಟ್ಟಿ ನಮ್ಮದು, ಒಣಗಿದ ಮರ ನಮ್ಮದು, ತೆಂಗಿನ ಚಿಪ್ಪಿನ ಇದ್ದಿಲೂ ನಮ್ಮದೇ. ಆಚಾರಿಗೆ ಇಡೀ ದಿನದ ಕೂಲಿ, ಊಟ. ಹಳೇ ಮಚ್ಚು, ಕೊಡಲಿ, ಕುರ್ಚಿಗೆ ಎಲ್ಲ ಅವತ್ತೇ ಹಣಿಸುತ್ತೇವೆ. ತಿದಿ ಒತ್ತಲು ಪ್ರತಿ ಮನೆಯಿಂದ ಒಬ್ಬ ಹುಡುಗ ಬರಬೇಕು ಅಂತ ಹೋದ ಸಲದಿಂದ ಕಟ್ಟು ಮಾಡಿದ್ದೇವೆ.