ಸ್ಪೂಲ್ ಟೇಪಿನ ದನಿ ಮಂಕಾದಾಗ

ಅಟ್ಟದಿಂದ ಇಳಿಸಿದ ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ತಿರುಗುತ್ತದೆ, ಆದರೆ ದನಿ ಕಂಬಳಿಯೊಳಗಿನಿಂದ ಬಂದಂತೆ ಕೇಳುತ್ತದೆ. ಮೃದಂಗದ ಗುಮ್ಮೆನ್ನುವ ನಾದ ಸರಿಯಾಗಿಯೇ ಇದೆ. ತಂಬೂರಿಯ ಝೇಂಕಾರವೂ ಮಾತಿನ ಸ, ಶ ಅಕ್ಷರಗಳ ಚೂಪೂ ಕಾಣೆ. ಇಂಥ ಹೊತ್ತಿನಲ್ಲಿ ಬಹುಪಾಲು ಜನ ಒಂದೋ ಟೇಪೇ ಹಾಳಾಯಿತೆಂದು ಕೈಬಿಡುತ್ತಾರೆ, ಇಲ್ಲವೇ ಹಿಂಬದಿ ಬಿಚ್ಚಿ ಕೆಪಾಸಿಟರ್ ಬದಲಿಸಲು ಹೊರಡುತ್ತಾರೆ. ಮೊದಲು ನೋಡಬೇಕಾದದ್ದು ಇವೆರಡೂ ಅಲ್ಲ, ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿನ ಮುಖ. ನಾದ ಟೇಪಿನಲ್ಲಿಯೇ ಇರುತ್ತದೆ. ಓದುವ ಕಣ್ಣಿಗೆ ಪೊರೆ ಬಂದಿರುತ್ತದೆ.

ಇದು ರಿಪೇರಿಯವರ ಬಾಯಿಮಾತಲ್ಲ, ಇದರ ಹಿಂದೆ ಸರಳ ಲೆಕ್ಕವಿದೆ. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುವಾಗ 100 ಹರ್ಟ್ಜ್ ದನಿಯ ಒಂದು ಅಲೆ ಅದರ ಮೇಲೆ 1.9 ಮಿಲಿಮೀಟರ್ ಜಾಗ ಹಿಡಿಯುತ್ತದೆ. 10,000 ಹರ್ಟ್ಜ್‌ನ ಅಲೆಗೆ ಸಿಗುವುದು ಬರೀ 19 ಮೈಕ್ರಾನ್, ತಲೆಗೂದಲಿಗಿಂತ ತೆಳುವಾದ ಜಾಗ. ಟೇಪಿಗೂ ಹೆಡ್ಡಿಗೂ ನಡುವೆ ಒಂದು ಅಲೆಯುದ್ದದಷ್ಟು ಅಂತರ ಬಿದ್ದರೆ ಆ ದನಿ ಸುಮಾರು 55 ಡೆಸಿಬೆಲ್ ಕುಗ್ಗುತ್ತದೆಂದು ಬೆಲ್ ಪ್ರಯೋಗಾಲಯದ ವ್ಯಾಲೇಸ್ 1951ರಲ್ಲಿ ತೋರಿಸಿದರು. ಟೇಪಿನಿಂದ ಉದುರಿದ ಕಂದು ಪುಡಿ ಹೆಡ್ಡಿನ ಮೇಲೆ ಐದೇ ಮೈಕ್ರಾನ್ ದಪ್ಪ ಕೂತಿತೆನ್ನಿ. 10,000 ಹರ್ಟ್ಜ್ 14 ಡೆಸಿಬೆಲ್ ಕುಸಿದು ಐದನೇ ಒಂದು ಭಾಗವಾಗುತ್ತದೆ. 100 ಹರ್ಟ್ಜ್‌ಗೆ ಆಗುವ ನಷ್ಟವನ್ನು ಕಿವಿ ಗುರುತಿಸಲಾರದು. ಗುಮ್ಮೆನ್ನುವುದು ಉಳಿದು ಝೇಂಕಾರ ಮಾತ್ರ ಸಾಯುವುದು ಇದಕ್ಕೇ. ವೇಗವನ್ನು 9.5ಕ್ಕೆ ಇಳಿಸಿದರೆ ಅಲೆಗಳು ಅರ್ಧಕ್ಕೆ ಕುಗ್ಗಿ, ಅದೇ ಕೊಳೆ ಡೆಸಿಬೆಲ್ ಲೆಕ್ಕದಲ್ಲಿ ಇಮ್ಮಡಿ ನಷ್ಟ ಮಾಡುತ್ತದೆ.

ಹಳೆಯ ಕೆಪಾಸಿಟರುಗಳು ಒಣಗುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಒಣಗುತ್ತವೆ, ಆದರೆ ಅವುಗಳ ಲಕ್ಷಣ ಸಾಮಾನ್ಯವಾಗಿ ಬೇರೆ. ಒಂದು ಹಂತದಿಂದ ಇನ್ನೊಂದಕ್ಕೆ ದನಿ ದಾಟಿಸುವ ಕೆಪಾಸಿಟರ್ ಸೊರಗಿದರೆ ಮೊದಲು ಹೋಗುವುದು ತಗ್ಗು ಸ್ವರ; ಪವರ್ ಸಪ್ಲೈಯದು ಸೊರಗಿದರೆ ಹಮ್ಮೆಂಬ ಗುಂಯ್‌ಗುಡುವಿಕೆ ಏರುತ್ತದೆ. ಝೇಂಕಾರ ಮಾತ್ರ ಮಾಯವಾದರೆ ಅನುಮಾನ ಹೆಡ್ಡಿನ ಮೇಲೇ ಇರಲಿ. ಪ್ಲಗ್ ಕಿತ್ತು, ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಹೆಡ್ಡುಗಳನ್ನೂ ಟೇಪಿನ ದಾರಿಯ ಲೋಹದ ಭಾಗಗಳನ್ನೂ ಒರೆಸಬೇಕು. ರಬ್ಬರಿನ ಪಿಂಚ್ ರೋಲರಿಗೆ ಸೌಮ್ಯ ಸೋಪಿನ ನೀರೇ ಲೇಸು. ಎಣ್ಣೆ ರಬ್ಬರಿಗೆ ತಾಗಿದರೆ ಟೇಪು ಜಾರಿ ರಾಗವೇ ನಡುಗುತ್ತದೆ. ಒರೆಸಿದ ಮೇಲೂ ಮಂಕು ಹೋಗದಿದ್ದರೆ ಹೆಡ್ಡಿನಲ್ಲಿ ಸವೆತದ ತಗ್ಗು ಬಿದ್ದಿದೆಯೇ, ಹೆಡ್ಡೇ ಓರೆಯಾಗಿದೆಯೇ ನೋಡಬೇಕು. ಕಾಲಿಂಚು ಟೇಪಿನ ಪೂರ್ತಿ ಅಗಲಕ್ಕೆ ಮುದ್ರಿಸಿದ್ದರೆ, ಮೇಲಿನ 19ರ ವೇಗದಲ್ಲಿ, ಒಂದು ಡಿಗ್ರಿಯ ಒಂಬತ್ತನೇ ಒಂದು ಭಾಗ ಓರೆಯಾದರೂ 15,000 ಹರ್ಟ್ಜ್ ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದಲೇ ಹೆಡ್ಡಿನ ಓರೆ ತಿದ್ದುವ ಸ್ಕ್ರೂಗೆ ಅವಸರದಲ್ಲಿ ಕೈಹಾಕಬಾರದು, ಹಾಕುವ ಮುನ್ನ ಅದು ಇದ್ದ ಜಾಗವನ್ನು ಗುರುತು ಮಾಡಿಕೊಳ್ಳಬೇಕು.

ಇನ್ನೊಂದು ಆಕ್ಷೇಪ ಇಂದಿನದು: ಇಷ್ಟೆಲ್ಲ ಏಕೆ, ಮಂಕಾಗಿಯೇ ಕಂಪ್ಯೂಟರಿಗೆ ತುಂಬಿಸಿ ಆಮೇಲೆ ಟ್ರೆಬಲ್ ಏರಿಸಿದರಾಯಿತಲ್ಲ? ಆಗ ಆಂಪ್ಲಿಫೈಯರಿನ ಹಿಸ್ ಎನ್ನುವ ಸದ್ದೂ ಜೊತೆಗೇ ಏರುತ್ತದೆ. ಅದರಡಿ ಹೂತುಹೋದ ಝೇಂಕಾರವನ್ನು ಯಾವ ಗುಂಡಿ ತಿರುಗಿಸಿದರೂ ಹೊರತೆಗೆಯಲಾಗದು. ಟೇಪೇ ಕೆಟ್ಟಿರುವ ಸಂದರ್ಭವೂ ಉಂಟೆಂಬುದನ್ನು ಒಪ್ಪಲೇಬೇಕು. 1970 ಮತ್ತು 80ರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ, ಓಡುವಾಗ ಕಿರುಚುತ್ತದೆ, ಒರೆಸಿದ ಹೆಡ್ಡನ್ನು ನಿಮಿಷಗಳಲ್ಲೇ ಮತ್ತೆ ಕೊಳೆ ಮಾಡುತ್ತದೆ. ಅಂಥದ್ದನ್ನು ತಕ್ಷಣ ನಿಲ್ಲಿಸಬೇಕು. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಅದು ಕೆಲಕಾಲ ಓಡಬಲ್ಲದು. ಆ ಕೆಲಸ ಬಲ್ಲವರದು, ಅಡುಗೆಮನೆಯ ಒವೆನ್ನಿನದಲ್ಲ. ಇನ್ನೂ ಹಳೆಯ ಅಸಿಟೇಟ್ ಟೇಪನ್ನಂತೂ ಕಾಯಿಸಲೇಬಾರದು.

ಮನೆಯ ಹಿರಿಯರ ಹಾಡೋ ಹರಿಕಥೆಯೋ ಇರುವ ಸ್ಪೂಲು ನಿಮ್ಮಲ್ಲಿದ್ದರೆ, ಹೆಡ್ ಒರೆಸದೆ ಅದರ ಪ್ರತಿ ತೆಗೆಯಬೇಡಿ. ಪ್ರತಿ ತೆಗೆದ ಮೇಲೂ ಮೂಲ ಟೇಪನ್ನು ಎಸೆಯಬೇಡಿ.