ಅರವತ್ತೈದನೇ ಪುಟದಲ್ಲಿ ಪತ್ತೇದಾರ ಬದಲಾದ

ನಮ್ಮ ಮಮದಾಪುರದ ಕಟಿಂಗ್ ಅಂಗಡಿಯಲ್ಲಿ ಒಂದು ತಗಡಿನ ಬಿಸ್ಕೀಟು ಡಬ್ಬಿ ಇತ್ತು. ಅದರೊಳಗೆ ಬಿಸ್ಕೀಟು ಇದ್ದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಇರುತ್ತಿದ್ದದ್ದು ಪತ್ತೇದಾರಿ ಪುಸ್ತಕಗಳು. ರವಿವಾರ ಪಾಳಿ ಉದ್ದ ಇರುತ್ತಿತ್ತು. ಹೊಲದಿಂದ ಬಂದವರು, ಆದಿಲ್‌ಶಾಹಿ ಕಾಲದ ನಮ್ಮ ದೊಡ್ಡ ಕೆರೆಯ ಕಡೆ ದನ ಬಿಟ್ಟು ಬಂದವರು, ವಿಜಾಪುರದ ಬಸ್ಸಿಗೆ ಕಾಯುವವರು ಎಲ್ಲರೂ ಆ ಡಬ್ಬಿಗೆ ಕೈ ಹಾಕುತ್ತಿದ್ದರು. ಒಬ್ಬೊಬ್ಬರ ಕೈಗೆ ಒಂದೊಂದು ಕೊಲೆ ಬರುತ್ತಿತ್ತು.

ನನ್ನ ಕೈಗೆ ಬಂದದ್ದಕ್ಕೆ ರಟ್ಟು ಇರಲಿಲ್ಲ.

‘ಕಾಕಾ, ಇದರ ರಟ್ಟು ಎಲ್ಲ್ಯದ?’

‘ರಟ್ಟು ಓದಾಂವ ಏನ್ಲೇ ನೀ? ಒಳಗಿಂದು ಓದು’ ಎಂದು ಕಾಕಾ ಕತ್ತಿ ಮಸೆಯತೊಡಗಿದ.

ಓದಿದೆ. ಪತ್ತೇದಾರ ಪುರುಷೋತ್ತಮ ಕೊಲೆಗಾರನ ಬೆನ್ನು ಹತ್ತಿದ್ದ. ಅರವತ್ತನಾಲ್ಕನೇ ಪುಟದ ಕೊನೆಗೆ ಕತ್ತಲಲ್ಲಿ ಬಾಗಿಲು ತೆರೆಯಿತು. ಹಾಳೆ ತಿರುವಿದರೆ ಅರವತ್ತೈದನೇ ಪುಟದಲ್ಲಿ ಪುರುಷೋತ್ತಮನ ಬದಲು ಮಧುಸೂದನ ಇದ್ದ. ಊರು ಬೇರೆ, ಹೆಣ ಬೇರೆ. ಪತ್ತೇದಾರರು ವೇಷ ಬದಲಿಸುತ್ತಾರೆ ಎಂದು ಮೊದಲ ಭಾಗದಲ್ಲೇ ಓದಿದ್ದೆನಲ್ಲ! ಈತ ಹೆಸರನ್ನೂ ಬದಲಿಸಿದ್ದಾನೆ ಎಂದುಕೊಂಡು ಮುಂದೆ ಓದಿದೆ.

ಆ ಅರವತ್ತೈದನೇ ಪುಟದ ಮರ್ಮ ತಿಳಿಯಬೇಕಾದರೆ ಇಂಥ ಪುಸ್ತಕಗಳು ಹೇಗೆ ಹುಟ್ಟಿ, ಹೇಗೆ ಬಾಳಿ, ಎಲ್ಲಿ ಹೋದವು ಎಂಬುದನ್ನು ತಿಳಿಯಬೇಕು.

ಹುಟ್ಟಿದ್ದು ತಿಂಗಳ ಲೆಕ್ಕದಲ್ಲಿ

ಪತ್ತೇದಾರಿ ಕಥೆಗೂ ನಿಯತಕಾಲಿಕಕ್ಕೂ ಹುಟ್ಟಿನಿಂದಲೇ ನಂಟು. ಷರ್ಲಾಕ್ ಹೋಮ್ಸನ ಸಣ್ಣಕಥೆಗಳು ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಿಕದಲ್ಲಿ ಬರತೊಡಗಿದ್ದು 1891ರಲ್ಲಿ. ಮರುವರ್ಷವೇ ಕಲಕತ್ತೆಯಲ್ಲಿ ಪ್ರಿಯನಾಥ ಮುಖೋಪಾಧ್ಯಾಯ ಎಂಬ ಪೊಲೀಸ್ ಅಧಿಕಾರಿ ‘ದಾರೋಗಾರ್ ದಫ್ತರ್’ ಎಂಬ ಮಾಲಿಕೆ ಹೊರಡಿಸಿದರು. ತಾವು ಕಂಡ ಪ್ರಕರಣಗಳನ್ನು ಕಥೆಯಂತೆ ಬರೆದರು. ಅದು 200ಕ್ಕೂ ಹೆಚ್ಚು ಸಂಚಿಕೆ ಕಂಡಿತು. 1900ರಲ್ಲಿ ಗೋಪಾಲರಾಮ ಗಹಮರಿ ಹಿಂದಿಯಲ್ಲಿ ‘ಜಾಸೂಸ್’ ಎಂಬ ಮಾಸಿಕವನ್ನೇ ತೆರೆದರು.

ಅಮೆರಿಕದಲ್ಲಿ ಇದು ದೊಡ್ಡ ದಂಧೆಯಾಯಿತು. ಮರದ ತಿರುಳಿನಿಂದ ಮಾಡಿದ ಅಗ್ಗದ ಒರಟು ಕಾಗದಕ್ಕೆ ಅಲ್ಲಿ ‘ಪಲ್ಪ್’ ಎನ್ನುತ್ತಿದ್ದರು. ಅದೇ ಹೆಸರು ಅದರ ಮೇಲೆ ಅಚ್ಚಾದ ಕಥೆಗೂ ಅಂಟಿತು. 1920ರಲ್ಲಿ ಮೆಂಕೆನ್ ಮತ್ತು ನೇಥನ್ ಎಂಬಿಬ್ಬರು ತಮ್ಮ ಸಾಹಿತ್ಯ ಪತ್ರಿಕೆಯ ನಷ್ಟ ತುಂಬಿಕೊಳ್ಳಲು ‘ಬ್ಲ್ಯಾಕ್ ಮಾಸ್ಕ್’ ಆರಂಭಿಸಿ, ಎಂಟು ಸಂಚಿಕೆಯ ಬಳಿಕ ಮಾರಿ ಕೈತೊಳೆದುಕೊಂಡರು. ಅವರಿಗೆ ಬೇಡವಾದ ಆ ಕೂಸು ಮುಂದೆ ಡ್ಯಾಶಿಯಲ್ ಹ್ಯಾಮೆಟ್, ರೇಮಂಡ್ ಚಾಂಡ್ಲರ್ ಅವರಂಥವರನ್ನು ಬೆಳೆಸಿ 1951ರವರೆಗೆ ಬದುಕಿತು. ಎಲ್ಲಕ್ಕೂ ಆ ಅದೃಷ್ಟ ಇರಲಿಲ್ಲ. ಎಲರಿ ಕ್ವೀನ್ ಹೆಸರಿನಲ್ಲಿ ಬಂದ ‘ಮಿಸ್ಟರಿ ಲೀಗ್’ 1933ರಲ್ಲಿ ಹುಟ್ಟಿ ನಾಲ್ಕೇ ಸಂಚಿಕೆಗೆ ನಿಂತಿತು. ಅದೇ ಎಲರಿ ಕ್ವೀನ್ ಹೆಸರಿನ ಮಾಸಿಕ 1941ರಲ್ಲಿ ಮತ್ತೆ ಹುಟ್ಟಿ ದಶಕಗಳ ಕಾಲ ನಡೆಯಿತು. ಈ ವ್ಯಾಪಾರದಲ್ಲಿ ಬೇಗ ಸಾಯುವುದು ಅಪಮಾನವಲ್ಲ. ಒಂದು ನಿಂತರೆ ಇನ್ನೊಂದು ಹೆಸರು ಕಟ್ಟಿಕೊಂಡು ಬಜಾರಕ್ಕೆ ಬರುವುದೇ ವಾಡಿಕೆ.

ಒಂದೇ ಬಜಾರು, ಮೂರು ಭಾಷೆ

ನಮ್ಮ ಭಾಗದಲ್ಲಿ ಕಥೆ ಓದುವ ರೂಢಿ ಹಚ್ಚಿದವರು ಪತ್ತೇದಾರರಿಗಿಂತ ಹಿಂದಿನವರು. ಹಾವೇರಿ ಹತ್ತಿರದ ಅಗಡಿಯಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯಲ್ಲಿ ಗಳಗನಾಥರು ಕಾದಂಬರಿ ಬರೆದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆಗ ವಿಜಾಪುರ ಜಿಲ್ಲೆಗೇ ಸೇರಿದ್ದ ಬಾಗಲಕೋಟೆಯಲ್ಲಿ ಕೆರೂರ ವಾಸುದೇವಾಚಾರ್ಯರು ವಕೀಲಿಯ ಜೊತೆಗೆ ‘ಸಚಿತ್ರ ಭಾರತ’, ‘ಶುಭೋದಯ’ ಎಂಬ ಪತ್ರಿಕೆ ನಡೆಸಿದರು, ಕಥೆ ಬರೆದರು. ಮುಂದೇನಾಯಿತು ಎಂದು ಮುಂದಿನ ಸಂಚಿಕೆಗೆ ಕಾಯುವ ಚಾಳಿ ಅಲ್ಲಿಂದಲೇ ಬಂತು.

1956ರ ನವೆಂಬರ್‌ವರೆಗೆ ವಿಜಾಪುರ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಮರಾಠಿ ಬಲ್ಲವರಿಗೆ ಬಾಬುರಾವ್ ಅರ್ನಾಳಕರ ಇದ್ದರು. ಝುಂಜಾರ, ಕಾಳಾಪಹಾಡ ಮೊದಲಾದ ನಾಯಕರನ್ನು ಕಟ್ಟಿ ಸಾವಿರಕ್ಕೂ ಹೆಚ್ಚು ರಹಸ್ಯಕಥೆ ಬರೆದ ಮನುಷ್ಯ. ಉರ್ದು ಓದುವವರಿಗೆ ಇಬ್ನೆ ಸಫಿ. ಅವರ ‘ಜಾಸೂಸಿ ದುನಿಯಾ’ ಅಲಹಾಬಾದಿನಿಂದ ಹೊರಟದ್ದು 1952ರಲ್ಲಿ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಬಂದದ್ದೂ ಅದೇ 1952ರಲ್ಲಿ! ಅಲಹಾಬಾದಿಗೂ ಬೆಂಗಳೂರಿಗೂ ಏನೂ ಮಾತುಕತೆ ಆಗಿರಲಿಲ್ಲ. ಆದರೆ ಹೊಸದಾಗಿ ಅಕ್ಷರ ಕಲಿತ ಮಂದಿ ಎರಡೂ ಕಡೆ ತಯಾರಾಗಿ ಕೂತಿದ್ದರು.

1925ರಲ್ಲಿ ಹುಟ್ಟಿದ ನರಸಿಂಹಯ್ಯನವರು ಓದಿದ್ದು ನಾಲ್ಕನೇ ಇಯತ್ತೆ. ಹೊಟ್ಟೆಪಾಡಿಗೆ ನಾನಾ ಕೆಲಸ ಮಾಡಿದವರು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಕಾದಂಬರಿ ಇದ್ದವು. ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಅವರ ಮಕ್ಕಳೇ. ಅವರ ವಾಕ್ಯ ಗಿಡ್ಡ, ಪದ ಸುಲಭ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ಎಲ್ಲಿ ಎಡವುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಆ ಕಲ್ಲುಗಳನ್ನೆಲ್ಲ ಮೊದಲೇ ಎತ್ತಿ ಬದಿಗಿಟ್ಟು ಬರೆದರು.

ಇನ್ನೊಬ್ಬರು ಮ. ರಾಮಮೂರ್ತಿ. ಇಂದು ರಾಜ್ಯೋತ್ಸವದ ದಿನ ನಾವು ಏರಿಸುವ ಹಳದಿ-ಕೆಂಪು ಬಾವುಟ ರೂಪಿಸಿದವರು ಇವರೇ. ‘ಕನ್ನಡ ಯುವಜನ’ ಪತ್ರಿಕೆ ನಡೆಸಿ, ಕನ್ನಡ ಚಳವಳಿ ಕಟ್ಟಿ, 1967ರಲ್ಲಿ ತೀರಿಕೊಂಡ ಈ ಮನುಷ್ಯನ ಕಸುಬು ಪತ್ತೇದಾರಿ ಕಾದಂಬರಿ ಬರೆಯುವುದಾಗಿತ್ತು. ಬಾವುಟ ಎಲ್ಲರಿಗೂ ಗೊತ್ತು. ಆ ಕಾದಂಬರಿಗಳನ್ನು ಇಂದು ಕೇಳುವವರಿಲ್ಲ.

ಫಾರ್ಮಿನ ಲೆಕ್ಕ

ಇವು ಪುಸ್ತಕವೋ ಪತ್ರಿಕೆಯೋ? ನಿಜ ಹೇಳಬೇಕೆಂದರೆ ನಡುವಿನವು. ಪುಸ್ತಕದಂತೆ ಒಂದೇ ಕಥೆ, ಪತ್ರಿಕೆಯಂತೆ ತಿಂಗಳ ಬಾಳು. ಹಿಂದಿನ ರಟ್ಟಿನ ಮೇಲೆ ಮುಂದೆ ಬರುವ ಕೊಲೆಯ ಜಾಹೀರಾತು. ನೋಂದಾಯಿತ ಮಾಸಿಕವಾದರೆ ಅಂಚೆ ವೆಚ್ಚದಲ್ಲಿ ರಿಯಾಯಿತಿ ಇತ್ತು. ನ್ಯೂಸ್‌ಪ್ರಿಂಟ್ ಸರ್ಕಾರದ ಕೋಟಾ ಲೆಕ್ಕದಲ್ಲಿ ಸಿಗುತ್ತಿತ್ತು. ಸಣ್ಣ ಪ್ರಕಾಶಕನಿಗೆ ಕಥೆಯ ಕೊಲೆಗಾರನಿಗಿಂತ ಕಾಗದದವನ ಭಯ ಹೆಚ್ಚಿತ್ತು.

ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಒಂದೊಂದಾಗಿ ಕೈಯಿಂದ ಜೋಡಿಸಬೇಕಿತ್ತು. ಸಣ್ಣ ಪ್ರೆಸ್ಸಿನಲ್ಲಿ ಇಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆ ಎಲ್ಲಿಂದ ಬರಬೇಕು? ಹದಿನಾರು ಪುಟದ ಒಂದು ಫಾರ್ಮು ಕಟ್ಟಿ, ಅಚ್ಚು ತೆಗೆದು, ಮೊಳೆ ಬಿಚ್ಚಿ ಮತ್ತೆ ಖಾನೆಗೆ ಹಾಕಿ ಮುಂದಿನ ಫಾರ್ಮಿಗೆ ಕೈ ಹಾಕಬೇಕಿತ್ತು. ಎರಡನೇ ಫಾರ್ಮು ಅಚ್ಚಾದ ಮೇಲೆ ಲೇಖಕನಿಗೆ ಮನಸ್ಸು ಬದಲಾಗಿ ಬೇರೆಯವನನ್ನು ಕೊಲೆಗಾರ ಮಾಡಬೇಕು ಅನಿಸಿದರೆ ಹಿಂದಕ್ಕೆ ಹೋಗಿ ಒಂದಕ್ಷರ ತಿದ್ದುವಂತಿರಲಿಲ್ಲ. ಕಥೆಯೂ ಹದಿನಾರರ ಮಗ್ಗಿಯಲ್ಲೇ ಮುಗಿಯಬೇಕಿತ್ತು: ಅರವತ್ತನಾಲ್ಕು, ಎಂಬತ್ತು, ತೊಂಬತ್ತಾರು. ಈ ಪುಸ್ತಕಗಳಲ್ಲಿ ಎಷ್ಟೋ ಸಲ ಕೊಲೆಗಾರ ಕೊನೆಯ ಅರ್ಧ ಪುಟದಲ್ಲಿ ಗಡಬಡಿಸಿ ತಪ್ಪೊಪ್ಪಿಕೊಳ್ಳುತ್ತಾನೆ. ಅವನ ಪಶ್ಚಾತ್ತಾಪ ನಿಜವೇ ಇರಬಹುದು, ಆದರೆ ಫಾರ್ಮು ಮುಗಿದದ್ದಂತೂ ನಿಜ.

ಮಡಚಿದ ಫಾರ್ಮುಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿಗೆ ಎರಡು ಪಿನ್ನು ಹೊಡೆದು, ಬಣ್ಣದ ರಟ್ಟು ಅಂಟಿಸಿದರೆ ಪುಸ್ತಕ ತಯಾರು. ರಟ್ಟಿನ ಮೇಲೆ ಪಿಸ್ತೂಲು, ಹೆದರಿದ ಹೆಣ್ಣುಮಗಳು, ಗೋಡೆಯ ಮೇಲೊಂದು ನೆರಳು. ಕಥೆಯಲ್ಲಿ ಪಿಸ್ತೂಲು ಇರಲೇಬೇಕೆಂದಿಲ್ಲ.

ಕೈಯಿಂದ ಕೈಗೆ

ಇಂಥ ಪುಸ್ತಕ ಬಸ್‌ ಸ್ಟ್ಯಾಂಡಿನಲ್ಲಿ, ರೈಲು ನಿಲ್ದಾಣದಲ್ಲಿ ಮಾರಾಟವಾಗುತ್ತಿತ್ತು. ಕೊಂಡವರು ಕಡಿಮೆ, ಓದಿದವರು ಹೆಚ್ಚು. ಪೇಟೆಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯವರು ದಿನದ ಬಾಡಿಗೆಗೆ ಕೊಡುತ್ತಿದ್ದರು. ಹಳ್ಳಿಯಲ್ಲಿ ಕಟಿಂಗ್ ಅಂಗಡಿ, ಚಹಾದಂಗಡಿ, ದರ್ಜಿಯ ಕಟ್ಟೆಗಳೇ ವಾಚನಾಲಯ. ಒಬ್ಬ ಓದುತ್ತಿದ್ದರೆ ಅಕ್ಷರ ಬಾರದ ನಾಲ್ವರು ಕೇಳುತ್ತಿದ್ದರು. ನಾನು ಅಂಥ ಓದುಗನಾಗಿ ಎಷ್ಟೋ ಪುಕ್ಕಟೆ ಚಹಾ ಕುಡಿದಿದ್ದೇನೆ.

ಮರದ ತಿರುಳಿನ ಕಾಗದದಲ್ಲಿ ಆಮ್ಲ ಉಳಿದಿರುತ್ತದೆ. ಬಿಸಿಲಿಗೆ, ಗಾಳಿಗೆ ಅದು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ನಮ್ಮ ಸೀಮೆಯ ಬಿಸಿಲು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಅದಕ್ಕಿಂತ ಮೊದಲೇ ಪಿನ್ನು ತುಕ್ಕು ಹಿಡಿದು ಫಾರ್ಮು ಕಳಚುತ್ತಿತ್ತು. ಉಳಿದದ್ದು ರದ್ದಿಗೆ, ರದ್ದಿಯಿಂದ ಚುರಮುರಿ ಪುಡಿಕೆಗೆ. ಪುಡಿಕೆ ಬಿಚ್ಚಿ ಅದರ ಮೇಲಿದ್ದ ಅರ್ಧ ಪುಟ ಓದಿ, ಉಳಿದರ್ಧಕ್ಕಾಗಿ ಮತ್ತೊಂದು ಪುಡಿಕೆ ಕೊಂಡವರೂ ನಮ್ಮಲ್ಲಿದ್ದರು.

ಮೇಲಿಂದ ಹೊಡೆತಗಳೂ ಬಿದ್ದವು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ತನ್ನ ಪುಸ್ತಕ ವಿಭಾಗದಲ್ಲಿ ತಿಂಗಳಿಗೊಂದು ಇಡೀ ಪುಸ್ತಕದ ಸಂಗ್ರಹ ಕೊಟ್ಟಿತು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದವು, ವಾರವಾರವೂ ಧಾರಾವಾಹಿ ತಂದವು. ಒಂದು ರಹಸ್ಯಕಥೆಯ ಜೊತೆ ಅಡಿಗೆ, ಸಿನೆಮಾ, ಭವಿಷ್ಯ ಎಲ್ಲ ಸಿಕ್ಕರೆ ಬರೀ ಕೊಲೆಯನ್ನು ಯಾರು ಕೊಳ್ಳುತ್ತಾರೆ? ಎಂಬತ್ತರ ದಶಕದಲ್ಲಿ ಟಿವಿ ಬಂತು. 1995ರಲ್ಲಿ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್!’ ನಿಜದ ಕೊಲೆಗಳನ್ನೇ ವಾರವಾರ ಬಡಿಸಿತು. ನಿಜವಾದ ಹೆಣದ ಮುಂದೆ ಕಟ್ಟುಕಥೆಯ ಹೆಣ ಸಪ್ಪೆ ಅನಿಸತೊಡಗಿತು.

ಕಪಾಟೂ ಡಬ್ಬಿಯೂ

ಇದೇ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ತೆಗೆದರು. ಮನೆ ಮಾರಿ ಅಚ್ಚುಕೂಟ ನಡೆಸಿದ ಅವರು ವಚನಗಳನ್ನು ಉಳಿಸಿಕೊಟ್ಟರು. ಅವರ ಬರಹವೆಲ್ಲ ಇಂದು ಸಂಪುಟಗಳಾಗಿ ಕಪಾಟಿನಲ್ಲಿದೆ, ಇರಬೇಕಾದದ್ದೇ. ಸಾಹಿತ್ಯ ಚರಿತ್ರೆ ಬರೆಯುವವರು ಕಪಾಟಿನ ಮುಂದೆ ಕೂತು ಬರೆಯುತ್ತಾರೆ. ಕಟಿಂಗ್ ಅಂಗಡಿಯ ಡಬ್ಬಿಯಲ್ಲಿದ್ದದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಪತ್ತೇದಾರಿ ಪುಸ್ತಕ ಕಳಪೆಯಾಗಿದ್ದರಿಂದ ಉಳಿಯಲಿಲ್ಲ ಎನ್ನುವವರಿದ್ದಾರೆ. ಕಳಪೆ ಬರಹ ಅದರಲ್ಲಿ ಬೇಕಾದಷ್ಟಿತ್ತು, ಒಪ್ಪುತ್ತೇನೆ. ಆದರೆ ಯಾರೂ ಮುಟ್ಟದ ಕಳಪೆ ಪುಸ್ತಕ ಎಷ್ಟೋ ಕಪಾಟುಗಳಲ್ಲಿ ಹೊಸದರಂತೆ ಕೂತಿದೆ. ಇವು ಉಳಿಯದೇ ಹೋದದ್ದು ಓದಿ ಓದಿ ಸವೆದದ್ದಕ್ಕೆ.

ನನ್ನ ಅರವತ್ತೈದನೇ ಪುಟದ ಗುಟ್ಟು ಬಯಲಾದದ್ದು ಎಷ್ಟೋ ವರ್ಷದ ಮೇಲೆ, ಒಂದು ಅಚ್ಚಿನ ಮನೆಯಲ್ಲಿ ಫಾರ್ಮು ಮಡಚುವುದನ್ನು ನೋಡುತ್ತ ನಿಂತಾಗ. ನಾಲ್ಕು ಹದಿನಾರಲೆ ಅರವತ್ತನಾಲ್ಕು! ಒಂದು ಪುಸ್ತಕದ ಮೊದಲ ನಾಲ್ಕು ಫಾರ್ಮು ಉಳಿದಿದ್ದವು, ಇನ್ನೊಂದರ ಐದನೆಯದರಿಂದ ಮುಂದಿನವು ಉಳಿದಿದ್ದವು. ಪುಟಸಂಖ್ಯೆ ಸರಿಯಾಗಿ ಕೂಡಿತ್ತು. ಕಾಕಾ ಎರಡನ್ನೂ ಸೇರಿಸಿ ದಬ್ಬಣದಿಂದ ಗೋಣಿದಾರ ಹಾಕಿ ಹೊಲಿದಿದ್ದ.

ಊರಿಗೆ ಹೋದಾಗ ಕೇಳಿದೆ. ಅಂಗಡಿ ಮಗನ ಕೈಗೆ ಬಂದಿತ್ತು, ಕನ್ನಡಿಯ ಮೇಲೆ ಟಿವಿ ಬಂದಿತ್ತು. ಕಾಕಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದ.

‘ಕಾಕಾ, ಎರಡು ಬ್ಯಾರೆ ಬ್ಯಾರೆ ಕಾದಂಬರಿ ಕೂಡಿಸಿ ಹೊಲ್ದಿದ್ದಿ. ಗೊತ್ತಿತ್ತೇನು?’

‘ಗೊತ್ತಿರಲಾರದ ಏನು? ಒಂದಕ್ಕ ತಲಿ ಇತ್ತು, ಇನ್ನೊಂದಕ್ಕ ಕಾಲಿದ್ದವು. ಹೊಲ್ದೆ. ಹತ್ತು ವರ್ಷ ಓದ್ಯಾರ ಮಂದಿ. ಕೇಳಾಕ ಬಂದಾಂವ ನೀ ಒಬ್ಬನ ನೋಡು.’