ಆರು ಪಥದ ಹೆದ್ದಾರಿ: ಮಕ್ಕಳು ಎಲ್ಲಿ ದಾಟಬೇಕು?

ಮಂಜೇಶ್ವರ, ಉಪ್ಪಳ, ಕುಂಬಳೆಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡ ಬಳಿಕ, ಹಿಂದೆ ನೇರವಾಗಿ ರಸ್ತೆ ದಾಟುತ್ತಿದ್ದ ಮಕ್ಕಳು ಈಗ ಅಂಡರ್‌ಪಾಸ್ ಇರುವಲ್ಲಿಯವರೆಗೆ ನಡೆಯಬೇಕಾಗಿದೆ. ಎದುರಿಗೇ ಕಾಣುವ ಶಾಲೆಗೆ ಇಷ್ಟು ಸುತ್ತೇಕೆ ಎಂದು ಹೆತ್ತವರು ಕೇಳುವುದು ಸಹಜ. ಇದಕ್ಕೆ ಉತ್ತರ ರಸ್ತೆಯ ವಿನ್ಯಾಸದಲ್ಲಿಯೇ ಇದೆ.

ಚಾಲಕನು ಅಡ್ಡಿಯನ್ನು ಕಂಡು, ಬ್ರೇಕ್ ಒತ್ತಿ, ವಾಹನ ಪೂರ್ತಿ ನಿಲ್ಲುವವರೆಗೆ ಕ್ರಮಿಸುವ ದೂರವನ್ನು ಎಂಜಿನಿಯರರು ಮೊದಲು ಲೆಕ್ಕ ಹಾಕುತ್ತಾರೆ. ಕಂಡು ಪ್ರತಿಕ್ರಿಯಿಸುವುದಕ್ಕೇ ಎರಡೂವರೆ ಸೆಕೆಂಡು ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಎಣಿಸುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಈ ಒಟ್ಟು ದೂರ ಸುಮಾರು 60 ಮೀಟರ್, 100 ಕಿ.ಮೀ. ವೇಗದಲ್ಲಿ 180 ಮೀಟರ್. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ಮೂರು ಪಟ್ಟಾಗುತ್ತದೆ.

ಇನ್ನು ಮಗುವಿನ ಕಡೆಯಿಂದ ನೋಡೋಣ. ಒಂದು ಪಥದ ಅಗಲ ಮೂರೂವರೆ ಮೀಟರ್. ಒಂದು ಬದಿಯ ಮೂರು ಪಥಗಳು ಸೇರಿ ಹತ್ತೂವರೆ ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವ ಮಗುವಿಗೆ ಅದನ್ನು ದಾಟಲು ಸುಮಾರು ಒಂಬತ್ತು ಸೆಕೆಂಡು ಬೇಕು. ಅಷ್ಟರೊಳಗೆ 100 ಕಿ.ಮೀ. ವೇಗದ ಕಾರು 250 ಮೀಟರ್ ಸಾಗಿಬಿಡುತ್ತದೆ. ಮಗು ಹೆಜ್ಜೆಯಿಟ್ಟಾಗ ತಿರುವಿನಾಚೆ ಇದ್ದ, ಕಣ್ಣಿಗೇ ಬೀಳದಿದ್ದ ವಾಹನ ಮಗು ದಾಟಿ ಮುಗಿಸುವ ಮೊದಲೇ ಎದುರು ಬಂದಿರುತ್ತದೆ. ಆದುದರಿಂದಲೇ ಮುಖ್ಯ ಪಥಗಳಿಗೆ ತಡೆಗೋಡೆ, ಊರಿನ ಓಡಾಟಕ್ಕೆ ಪಕ್ಕದಲ್ಲಿ ಸರ್ವಿಸ್ ರಸ್ತೆ, ದಾಟಲು ಅಂಡರ್‌ಪಾಸ್ ಅಥವಾ ಪಾದಚಾರಿ ಮೇಲ್ಸೇತುವೆ. ತಡೆಗೋಡೆ ಹತ್ತಿ ದಾಟುವ ಅಭ್ಯಾಸವನ್ನು ಮಕ್ಕಳಿಗೆ ಎಂದಿಗೂ ಬಿಡಬಾರದು.

ಆದರೆ ತಡೆಗೋಡೆ ಸರಿಯೆಂದ ಮಾತ್ರಕ್ಕೆ ದಾಟುವ ಸ್ಥಳಗಳೆಲ್ಲವೂ ಸರಿಯಾಗಿವೆ ಎಂದು ನಾವು ಹೇಳಲಾರೆವು. ಸುತ್ತು ವಿಪರೀತ ದೀರ್ಘವಾದರೆ ಜನ ಅಡ್ಡದಾರಿ ಹುಡುಕುತ್ತಾರೆ; ಅದನ್ನು ಮುಂಗಾಣಬೇಕಾದುದು ವಿನ್ಯಾಸಕಾರರ ಹೊಣೆ. ಮಳೆಗಾಲದಲ್ಲಿ ನೀರು ನಿಲ್ಲುವ, ದೀಪವಿಲ್ಲದ ಅಂಡರ್‌ಪಾಸ್ ನಕ್ಷೆಯಲ್ಲಿ ಮಾತ್ರ ದಾರಿ. ನಮ್ಮ ಗಡಿನಾಡಿಗೆ ಇನ್ನೊಂದು ಮಾತೂ ಇದೆ: ಕನ್ನಡ ಮಾಧ್ಯಮದ ಪುಟ್ಟ ಮಗುವಿಗೆ ಓದಲು ಬಾರದ ಲಿಪಿಯಲ್ಲಿರುವ ಎಚ್ಚರಿಕೆಯ ಫಲಕ ಎಚ್ಚರಿಸುವುದು ಯಾರನ್ನು?

ಇದನ್ನು ಕೇಳುವ ಹಕ್ಕು ನಮಗಿದೆ, ಅದೂ ಕನ್ನಡದಲ್ಲಿಯೇ. ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಯಾವುದರಲ್ಲಾದರೂ ಅಹವಾಲು ಸಲ್ಲಿಸಲು ಸಂವಿಧಾನದ 350ನೇ ವಿಧಿ ಅವಕಾಶ ನೀಡುತ್ತದೆ. ಹೆದ್ದಾರಿ ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿಗಳಿಗೂ ಬರೆಯುವಾಗ ಬರಿಯ ಅಳಲು ಸಾಲದು. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಬೆಳಗ್ಗೆ ಮತ್ತು ಸಂಜೆ ಅಲ್ಲಿ ದಾಟುವ ಮಕ್ಕಳ ಎಣಿಕೆ, ಈಗ ಸುತ್ತಬೇಕಾದ ದೂರ, ಇಷ್ಟನ್ನು ಒಂದು ವಾರ ದಾಖಲಿಸಿ ರಕ್ಷಕ-ಶಿಕ್ಷಕ ಸಂಘದ ಸಹಿಯೊಡನೆ ಕಳುಹಿಸಿರಿ. ಮೇಲ್ಸೇತುವೆ ಎಲ್ಲಿ ಬೇಕೆಂಬುದನ್ನು ಎಂಜಿನಿಯರರು ತೂಗಿನೋಡುವುದೂ ಇಂತಹ ಎಣಿಕೆಯಿಂದಲೇ.